ಹಕ್ಕಿಯ ಕಣ್ಣಿಗೆ ಕೋಟಿನ ಗುಂಡಿ

ನನ್ನ ಅಂಗಡಿಗೆ ಕಣ್ಣು ಕೇಳಿಕೊಂಡು ಬರುತ್ತಿದ್ದ ಗಿರಾಕಿ ಒಬ್ಬರೇ. ಉಳಿದವರೆಲ್ಲ ಗುಂಡಿ, ದಾರ, ಸೂಜಿ, ಲೇಸು, ಝಿಪ್ಪು ಅನ್ನುತ್ತಿದ್ದರು. ಇವರು ಮಾತ್ರ ಗಾಜಿನ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, "ಸಾಹುಕಾರ್ರೆ, ಒಂದು ಜೊತೆ ಕಣ್ಣು ಬೇಕಿತ್ತು, ಗೂಬೆಗೆ" ಎನ್ನುತ್ತಿದ್ದರು. ಪಕ್ಕದಲ್ಲಿ ಹುಕ್ಕು ಕೊಳ್ಳುತ್ತಿದ್ದ ಹೆಂಗಸರು ಒಂದು ಹೆಜ್ಜೆ ಆಚೆ ಸರಿದು ನಿಲ್ಲುತ್ತಿದ್ದರು.

ಊರಿನ ಮ್ಯೂಸಿಯಮ್ಮಿನಲ್ಲಿ ಅವರ ಕೆಲಸ. ಸತ್ತ ಪ್ರಾಣಿಪಕ್ಷಿಗಳ ಚರ್ಮ ಬಿಡಿಸುವುದು, ಒಳಗೆ ತಂತಿ ಕೊಟ್ಟು ಹತ್ತಿ ತುಂಬುವುದು, ಹೊಲಿದು, ಬಾಚಿ, ಬದುಕಿದ್ದಾಗ ಅವಕ್ಕೇ ಇರದಿದ್ದ ಗಾಂಭೀರ್ಯ ಕೊಟ್ಟು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸುವುದು. ಬೀದಿಯವರು ಅವರಿಗೆ ಇಟ್ಟ ಹೆಸರು ಹತ್ತಿ ಮೇಷ್ಟ್ರು. ಜೀವಮಾನದಲ್ಲಿ ಯಾರಿಗೂ ಒಂದಕ್ಷರ ಪಾಠ ಹೇಳಿದವರಲ್ಲ. ಆದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಎದುರಿನವರನ್ನು ನೆತ್ತಿಯಿಂದ ಅಂಗಾಲಿನವರೆಗೆ ನಿಧಾನವಾಗಿ ನೋಡುವ ಅಭ್ಯಾಸವಿತ್ತು. ಕಂಡವರು ಮೇಷ್ಟ್ರೇ ಇರಬೇಕು ಅಂದುಕೊಂಡರು. ಅವರು ನೋಡುತ್ತಿದ್ದದ್ದು ಅಳತೆಗೆ. ಒಮ್ಮೆ ನನ್ನನ್ನೂ ಹಾಗೆ ನೋಡಿ ತೀರ್ಪು ಕೊಟ್ಟರು: "ನಿಮ್ಮನ್ನ ನಿಲ್ಲಿಸೋದು ಸುಲಭ ಸಾಹುಕಾರ್ರೆ. ಹೊಟ್ಟೆ ಒಂದಕ್ಕೇ ಅರ್ಧ ಮೂಟೆ ಹತ್ತಿ ಬೇಕು, ನಿಜ. ಆದ್ರೆ ಕುತ್ತಿಗೆ ತಂತಿ ಪೂರ್ತಿ ಉಳಿಯುತ್ತೆ."

ಮ್ಯೂಸಿಯಮ್ಮಿನ ಹಿಂಭಾಗದಲ್ಲಿ, ಒಂದೇ ಕಿಟಕಿಯ ಕೋಣೆ ಅವರದು. ತಗಡು ಹೊದಿಸಿದ ಮೇಜು. ಗೋಡೆಯುದ್ದಕ್ಕೂ ಸಿಗರೇಟಿನ ಹಳೆಯ ಡಬ್ಬಿಗಳು, ಅವುಗಳ ಮೇಲೆ ಚೀಟಿ: 'ಕೊಕ್ಕು, ಸಣ್ಣವು', 'ಉಗುರು, ಮಿಶ್ರ', 'ಕಣ್ಣು, ಒಂಟಿ'. ಮೂಲೆಯಲ್ಲಿ ಯಾವುದೋ ಕಾಲದ ಕೋತಿ ಕೈಚಾಚಿ ಕುಳಿತಿತ್ತು. ಅದರ ತೊಡೆಯ ಮೇಲೆ ಮೇಷ್ಟ್ರ ಊಟದ ಡಬ್ಬಿ. ಕೋಣೆಗೆಲ್ಲ ನುಸಿಗುಳಿಗೆಯ ವಾಸನೆ. ಆ ವಾಸನೆ ಅವರ ಜೊತೆ ಮನೆಗೂ ಹೋಗುತ್ತಿತ್ತು. "ಮೂವತ್ತೆಂಟು ವರ್ಷದಲ್ಲಿ ನನ್ನ ಬೀರುವಿಗೆ ಒಂದು ನುಸಿ ಬಂದಿಲ್ಲ," ಎನ್ನುತ್ತಿದ್ದರು ಅವರ ಹೆಂಡತಿ. "ಇವರನ್ನ ಕಟ್ಕೊಂಡಿದ್ದಕ್ಕೆ ಸಿಕ್ಕಿದ್ದು ಅದೊಂದೇ."

ಮೇಷ್ಟ್ರಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ, ಒಂದನ್ನು ಬಿಟ್ಟು. ಆ ಕಟ್ಟಡದಲ್ಲಿ ಪ್ರತಿ ಪೆಟ್ಟಿಗೆಯ ಕೆಳಗೂ ಹೆಸರುಗಳಿದ್ದವು. ಹೊಡೆದವರ ಹೆಸರು, ದಾನ ಕೊಟ್ಟವರ ಹೆಸರು, ಗಾಜು ಹಾಕಿಸಿಕೊಟ್ಟವರ ಹೆಸರು. ಒಳಗೆ ಹತ್ತಿ ತುಂಬಿದವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. "ಒಂದು ಮೊಲದ ಕೆಳಗಾದ್ರೂ ಹಾಕಬಾರದಾ," ಎಂದು ನನ್ನ ಹತ್ತಿರ ಎಷ್ಟೋ ಸಲ ಅಂದಿದ್ದುಂಟು. ನಾನು ಸಮಾಧಾನ ಹೇಳುವ ಜಾಯಮಾನದವನಲ್ಲ. "ಮೊಲ ಒಪ್ಪಬೇಕಲ್ಲ ಮೇಷ್ಟ್ರೆ" ಎನ್ನುತ್ತಿದ್ದೆ.

ಈಗ ಹಕ್ಕಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ ಹೋದರೆ ದಟ್ಟ ಕಾಡಿನ ಗುಡ್ಡಗಳಿವೆ. ಅಲ್ಲಿ ಮಾತ್ರ, ಇನ್ನೆಲ್ಲೂ ಅಲ್ಲ, ಒಂದು ಹಕ್ಕಿ ಇತ್ತು. ಕಾಗೆಗಿಂತ ಸ್ವಲ್ಪ ಸಣ್ಣದು. ಪಾಚಿ ಬಣ್ಣದ ಮೈ, ಬಾಲದ ತುದಿ ಬಿಳಿ, ತಲೆಯ ಮೇಲೆ ಈಗಷ್ಟೇ ಹಾಸಿಗೆಯಿಂದ ಎದ್ದು ಬಂದವರ ಹಾಗೆ ಕೆದರಿದ ಜುಟ್ಟು. ಹಾಡು ಇಂಪಾಗಿಲ್ಲ. ಮನೆಯ ಹಿರಿಯರು ಒಳಗೆ ಬರುವ ಮೊದಲು ಬಾಗಿಲ ಆಚೆ ನಿಂತು ಕೆಮ್ಮುತ್ತಾರಲ್ಲ, ಹಾಗೆ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತಂತೆ. ಗುಡ್ಡದ ಜನ ಅದನ್ನು ಕೆಮ್ಮುವ ಹಕ್ಕಿ ಎನ್ನುತ್ತಿದ್ದರು. ನೂರು ವರ್ಷದ ಹಿಂದೆ ಯಾರೋ ಒಬ್ಬ ಶೋಕಿಯವನು ಒಂದನ್ನು ಹೊಡೆದು, ತಾನೇ ಹತ್ತಿ ತುಂಬಿ, ಗಾಜಿನ ಕಣ್ಣಿಗೆ ತಾನೇ ಬಣ್ಣ ಹಚ್ಚಿ ಮ್ಯೂಸಿಯಮ್ಮಿಗೆ ಕೊಟ್ಟ. ಅವನ ನೋಟ್‌ಬುಕ್ಕನ್ನು ಗೆದ್ದಲು ತಿಂದಿತು. ಲೋಕದಲ್ಲಿ ಆ ಜಾತಿಯ ಗುರುತಾಗಿ ಉಳಿದದ್ದು ಅದೊಂದೇ, ಗಾಜಿನ ಪೆಟ್ಟಿಗೆಯೊಳಗೆ.

ಮೂವತ್ತೊಂದು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಮೇಷ್ಟ್ರು ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದರು. ಪೆಟ್ಟಿಗೆ ತೆಗೆದು ಹಕ್ಕಿಯ ಧೂಳು ಒರೆಸುತ್ತಿದ್ದಾಗ ಒಂದು ಕಣ್ಣು ಉದುರಿ ಹೋಗಿತ್ತು. ಕಸ ಗುಡಿಸುವಾಕೆ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿದ ಏಕೈಕ ದಿನ ಅದೇ ಆಗಿತ್ತು. ಕಣ್ಣು ಕಸದ ಜೊತೆ ಹೋಗಿತ್ತು. ಮರುದಿನ ಬೆಳಿಗ್ಗೆ ಮೇಲಿನ ಅಧಿಕಾರಿಗಳ ತಪಾಸಣೆ.

"ಹಳದಿ ಬೇಕು ಸಾಹುಕಾರ್ರೆ. ಇಷ್ಟು ದಪ್ಪ. ಹೊಳೆಯೋದು, ಉಬ್ಬಿರಬೇಕು, ಹಿಂದುಗಡೆ ಕೊಂಡಿ ಇರಬೇಕು, ತೂತು ಕಾಣಬಾರದು."

ನಾನು ಅಂಗಡಿಯೆಲ್ಲ ತಡಕಿದೆ. ಆ ಅಳತೆಯಲ್ಲಿ ಹಳದಿ ಇರಲಿಲ್ಲ. ಇಲ್ಲ ಎಂದು ಗಿರಾಕಿಯನ್ನು ವಾಪಸು ಕಳಿಸುವುದು ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಹೆಂಗಸರ ಕೋಟಿಗೆಂದು ತರಿಸಿದ್ದ ಕಡುಗೆಂಪು ಗುಂಡಿಯ ರಟ್ಟು ಒಂದಿತ್ತು. ಒಂದು ರಟ್ಟಿಗೆ ಹನ್ನೆರಡು ಗುಂಡಿ ಹೊಲಿದಿರುತ್ತಾರೆ. ಎತ್ತಿ ಅವರ ಮುಂದಿಟ್ಟೆ.

"ಇದು ಕೆಂಪು," ಅಂದರು.

"ಹಕ್ಕಿ ದೂರು ಕೊಡುತ್ತಾ?"

"ಅದರ ಕಣ್ಣು ಹಳದಿ ರೀ. ಇನ್ನೊಂದು ಇನ್ನೂ ಹಾಗೇ ಇದೆ."

"ಹಾಗಾದ್ರೆ ಎರಡೂ ಬದಲಾಯಿಸಿ. ಜೊತೆ ಆಗುತ್ತೆ. ನಾಳೆ ಬರೋ ಸಾಹೇಬ್ರು ಕಾಡಲ್ಲಿ ಹುಟ್ಟಿದವರಾ? ಕೆಂಪು ಕಣ್ಣು ಅಂದ್ರೆ ನೋಡೋಕೂ ಒಂದು ಠೀವಿ. ಆಮೇಲೆ ನಿಧಾನಕ್ಕೆ ಹಳದಿ ತರಿಸಿಕೊಡ್ತೀನಿ."

ರಟ್ಟಿನಿಂದ ಎರಡು ಗುಂಡಿ ಕತ್ತರಿಸಿ ಕೊಟ್ಟೆ. ಉಳಿದ ಹತ್ತನ್ನು ಯಾರೂ ಕೊಳ್ಳಲಿಲ್ಲ, ಕೋಟಿಗೆ ಹನ್ನೆರಡು ಬೇಕು. ಆ ರಟ್ಟು ಕೈಗೆ ಸಿಕ್ಕಿದಾಗಲೆಲ್ಲ ನಾನು ಮೇಷ್ಟ್ರನ್ನು ಶಪಿಸುತ್ತಿದ್ದೆ. ಶಾಪ ಯಾರಿಗೆ ತಟ್ಟಬೇಕಿತ್ತು ಎಂದು ಆಗ ಯೋಚಿಸಿರಲಿಲ್ಲ.

ತಪಾಸಣೆ ಸುಸೂತ್ರವಾಗಿ ನಡೆಯಿತು. ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಸಾಹೇಬರಿಗೆ ಹಕ್ಕಿಯ ಕಣ್ಣು ಬಹಳ ಹಿಡಿಸಿಬಿಟ್ಟಿತು. ಅದೇ ವಾರ ಫೋಟೊ ತೆಗೆಯುವವನು ಬಂದ. ಬಣ್ಣದ ಫೋಟೊ, ಪುಸ್ತಕದ ರಕ್ಷಾಪುಟಕ್ಕೆ. ಪುಸ್ತಕ ನೋಡಿ ಚಿತ್ರಕಾರ ಬರೆದ. ಚಿತ್ರ ನೋಡಿ ಅಂಚೆಯವರು ಚೀಟಿ ಹೊರಡಿಸಿದರು. ತಜ್ಞರು ಆ ಹಕ್ಕಿಗೆ 'ಕೆಂಗಣ್ಣಿನ ಕಾಡುಹಕ್ಕಿ' ಎಂದು ಶಾಶ್ವತ ನಾಮಕರಣ ಮಾಡಿದರು. ಬಿಸ್ಕತ್ತಿನ ಡಬ್ಬಿಯ ಮೇಲೆ, ಶಾಲೆಯ ಬಸ್ಸಿನ ಮೇಲೆ, ಫುಟ್‌ಬಾಲ್ ತಂಡದ ಅಂಗಿಯ ಮೇಲೆ, ಎಲ್ಲಿ ನೋಡಿದರೂ ನನ್ನ ಕೋಟಿನ ಗುಂಡಿ ದುರುದುರು ನೋಡುತ್ತಿತ್ತು. ಆರು ತಿಂಗಳಾದ ಮೇಲೆ ಹಳದಿ ಗುಂಡಿ ಬಂದವು. ಕಳಿಸಿದೆ. ಮೇಷ್ಟ್ರು ಅವನ್ನು ನೋಡಿ, "ಈಗ ಹಾಕಿದ್ರೆ ಫುಟ್‌ಬಾಲ್ ಆಡೋರು ಬಂದು ಹೊಡೀತಾರೆ," ಎಂದು ಬೆಕ್ಕೊಂದಕ್ಕೆ ಬಳಸಿಕೊಂಡರು. ಹಕ್ಕಿಯ ಇನ್ನೊಂದು ಹಳದಿ ಗಾಜಿನ ಕಣ್ಣು 'ಒಂಟಿ' ಎಂದು ಬರೆದ ಡಬ್ಬಿಯಲ್ಲೇ ಉಳಿಯಿತು.

ಇದೆಲ್ಲ ನಗುವ ಮಾತು, ಮೇಷ್ಟ್ರಿಗೊಬ್ಬ ಭಾವಮೈದ ಇಲ್ಲದಿದ್ದರೆ.

ಹೆಂಡತಿಯ ತಮ್ಮ. ಅರಣ್ಯ ಇಲಾಖೆಯಲ್ಲಿ ಕಾವಲುಗಾರ. ಹದಿನಾರು ವರ್ಷದ ಹಿಂದೆ ಅವನನ್ನು ಅದೇ ಗುಡ್ಡಗಳಿಗೆ ಹಾಕಿದರು. ಮರದ ಕಂಬಗಳ ಮೇಲೆ ಒಂದು ಗುಡಿಸಲು, ಒಂದು ಸ್ಟೌ, ಒಂದು ದುರ್ಬೀನು, ರಕ್ತ ಹೀರಲು ಎಣಿಕೆಗೆ ಸಿಗದಷ್ಟು ಇಂಬಳ. ಹಕ್ಕಿ ಇನ್ನೂ ಇದೆಯೇ ಎಂದು ನೋಡುವುದೇ ಅವನ ಕೆಲಸ. ಹಕ್ಕಿ ಇದ್ದರೆ ಆ ಕಾಡನ್ನು ಯಾರೂ ಮುಟ್ಟುವಂತಿಲ್ಲ, ಇಲ್ಲದಿದ್ದರೆ ಮರದ ಕಂಪನಿಗಳು ಗೇಟಿನಲ್ಲೇ ಗರಗಸ ಹಿಡಿದು ನಿಂತಿದ್ದವು.

ಆತ ಹಕ್ಕಿಯನ್ನು ಮೂರು ಸಲ ಕಂಡ. ಮೂರು ಸಲವೂ ಸಾಹೇಬರು ಕೇಳಿದ ನಮೂನೆಯಲ್ಲೇ ವರದಿ ಬರೆದ. ಜುಟ್ಟು ಸರಿ, ಬಾಲ ಸರಿ, ಕೆಮ್ಮು ಸರಿ. ಕಣ್ಣಿನ ಬಣ್ಣ ಎಂಬಲ್ಲಿ, ಇದ್ದದ್ದನ್ನು ಇದ್ದ ಹಾಗೆ, 'ಹಳದಿ, ಒಳಗಡೆ ಸಣ್ಣ ಹಸಿರು ಬಳೆ' ಎಂದು ಬರೆದ. ಮೂರು ಸಲವೂ ವರದಿ ವಾಪಸು ಬಂತು. 'ಕಣ್ಣು ಕೆಂಪಿಲ್ಲವಾದ್ದರಿಂದ ಇದು ಬೇರೆ ಯಾವುದೋ ಸಾಮಾನ್ಯ ಹಕ್ಕಿ.' ಇಲಾಖೆಯ ಕಚೇರಿಯಲ್ಲಿ ಅವನಿಗೆ ಕಾಮಾಲೆ ಎಂದು ಹೆಸರಾಯಿತು. ನೋಡಿದ್ದೆಲ್ಲ ಹಳದಿ ಎನ್ನುವವನಿಗೆ ಬೇರೇನು ಹೆಸರಿಟ್ಟಾರು? ಹಾಜರಿ ಕೂಗುವವನೂ ಕೊನೆಗೆ ಹಾಗೇ ಕೂಗತೊಡಗಿದ. ಇವನೂ ಆ ಹೆಸರಿಗೇ "ಬಂದೆ ಸಾರ್" ಎನ್ನತೊಡಗಿದ.

ರಜೆಗೆ ಬಂದಾಗ ಅಕ್ಕನ ಮನೆಯಲ್ಲಿ ಊಟ. ಒಂದು ಸಲ ನಾನೂ ಇದ್ದೆ. ಮೂರನೆಯ ವರದಿ ವಾಪಸು ಬಂದ ವಾರ ಅದು. ಅವನು ತಟ್ಟೆಯಲ್ಲಿ ಬೆರಳಾಡಿಸುತ್ತ ಹೇಳಿದ:

"ಇಷ್ಟು ದೂರದಲ್ಲಿ ಕೂತಿತ್ತು ಭಾವ. ಆ ಬಾಗಿಲಷ್ಟು ದೂರ. ನನ್ನೇ ನೋಡ್ತು, ಎರಡು ಸಲ ಕೆಮ್ಮಿತು. ಹಳದಿ ಕಣ್ಣು. ನಂಗೇನು ಹುಚ್ಚಾ?"

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕಾಡಲ್ಲಿ ಒಬ್ಬನೇ ಇದ್ದು ಇದ್ದು ಹಾಗನ್ಸುತ್ತೆ ಕಣಯ್ಯ. ರಕ್ತ ಪರೀಕ್ಷೆ ಮಾಡಿಸ್ಕೋ, ನಿಜವಾಗ್ಲೂ ಕಾಮಾಲೆ ಇದ್ರೂ ಇರಬಹುದು."

ನಕ್ಕರು. ನಾನೂ ನಕ್ಕೆ. ವ್ಯಾಪಾರದಲ್ಲಿ ಎದುರಿನವರು ನಕ್ಕಾಗ ನಗುವುದು ಅಭ್ಯಾಸವಾಗಿ ಹೋಗಿದೆ. ಅವನ ಅಕ್ಕ ಮಾತ್ರ ನಗದೆ, ಗಂಡನ ತಟ್ಟೆಗೆ ಬಡಿಸಲು ಎತ್ತಿದ್ದ ಸೌಟನ್ನು ವಾಪಸು ಪಾತ್ರೆಗೆ ಇಳಿಸಿದರು. "ನನ್ನ ತಮ್ಮ ದಡ್ಡ. ಪರೀಕ್ಷೆಯಲ್ಲಿ ನಕಲು ಮಾಡೋಕೂ ಬರ್ತಿರಲಿಲ್ಲ. ಸುಳ್ಳು ಹೇಳೋ ಅಷ್ಟು ಬುದ್ಧಿ ಅವನಿಗೆಲ್ಲಿಂದ ಬರಬೇಕು?" ಎಂದರು. ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಆ ಮನುಷ್ಯನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಇಷ್ಟರ ಮೇಲೆ ಮೇಷ್ಟ್ರು ನಿವೃತ್ತರಾಗುವ ತಿಂಗಳು ಬಂತು. ಅದೇ ತಿಂಗಳು, ಮೂವತ್ತೆಂಟು ವರ್ಷ ಸುಮ್ಮನಿದ್ದ ಕಚೇರಿಗೆ ಎರಡು ಕಾಗದ ಒಟ್ಟಿಗೆ ಬಂದವು. ಒಂದರಲ್ಲಿ ಮೇಷ್ಟ್ರ ಜೀವಮಾನದ ಆಸೆ: ಕೆಂಗಣ್ಣಿನ ಹಕ್ಕಿಯ ಪೆಟ್ಟಿಗೆಯ ಕೆಳಗೆ ಹಿತ್ತಾಳೆಯ ಫಲಕ, ಅದರ ಮೇಲೆ 'ಈ ಅಪೂರ್ವ ಪಕ್ಷಿಯನ್ನು ಯಥಾಸ್ಥಿತಿಯಲ್ಲಿ ಕಾಪಾಡಿದವರು' ಎಂದು, ಕೆಳಗೆ ಅವರ ಪೂರ್ತಿ ಹೆಸರು. ಇನ್ನೊಂದರಲ್ಲಿ, ಹಕ್ಕಿಯನ್ನು 'ಅಳಿದುಹೋದದ್ದು' ಎಂದು ಅಧಿಕೃತವಾಗಿ ಬರೆದುಹಾಕಲು ರಾಜಧಾನಿಯಿಂದ ಪಕ್ಷಿ ತಜ್ಞೆಯೊಬ್ಬರು ಬರುತ್ತಾರೆಂದು. ಹಾಗೆ ಬರೆದ ಕೂಡಲೇ ಕಾವಲು ಗುಡಿಸಲು ಮುಚ್ಚುತ್ತದೆ, ಕಾಮಾಲೆ ಯಾವುದೋ ಹೆದ್ದಾರಿಯ ಗೇಟಿನಲ್ಲಿ, ತಾನು ಕಾದ ಕಾಡಿನ ಮರಗಳೇ ಲಾರಿಯಲ್ಲಿ ಹೋಗುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಫಲಕ ಹೊಡೆಯುವುದೂ ಹಕ್ಕಿಯ ಮರಣ ಘೋಷಿಸುವುದೂ ಒಂದೇ ದಿನ, ಒಂದೇ ಸಭೆಯಲ್ಲಿ. ಒಂದೇ ಖರ್ಚಿನಲ್ಲಿ ಮುಗಿಯುತ್ತದಲ್ಲ.

ಸಭೆಗೆ ಎರಡು ದಿನ ಇರುವಾಗ ಮೇಷ್ಟ್ರು ಅಂಗಡಿಗೆ ಬಂದರು. ಮೊಣಕೈ ಊರಲಿಲ್ಲ.

"ಸಾಹುಕಾರ್ರೆ, ಆ ಕೆಂಪು ಗುಂಡಿ ರಟ್ಟು ಇನ್ನೂ ಇದೆಯಾ?"

"ಇಲ್ದೆ ಎಲ್ಲಿಗೆ ಹೋಗುತ್ತೆ? ಹತ್ತು ಗುಂಡಿ ತಗೊಂಡು ಯಾರು ಕೋಟು ಹೊಲಿಸ್ತಾರೆ? ಏನು, ಉಳಿದದ್ದೂ ಬೇಕಾ? ಇನ್ನೈದು ಹಕ್ಕಿಗೆ ಆಗುತ್ತೆ."

ಅವರು ನಗಲಿಲ್ಲ. ಸ್ಟೂಲು ಎಳೆದು ಕೂತರು. "ಆ ಮುಠ್ಠಾಳನ ಅಕ್ಕ ನಿನ್ನೆ ಅತ್ತಳು. ಮದುವೆಯಾದ ಮೇಲೆ ಎರಡನೇ ಸಲ. ಮೊದಲನೇದು ಮದುವೆ ದಿನ." ಸ್ವಲ್ಪ ಹೊತ್ತು ನನ್ನ ಕತ್ತರಿಯನ್ನು ತೆರೆದು ಮುಚ್ಚಿ ಮಾಡಿದರು. "ಅವನು ಕಂಡಿರೋದು ನಿಜ ಕಣ್ರೀ. ಹಳದಿ ಅಂದಾಗಲೇ ನಂಗೆ ಗೊತ್ತಿತ್ತು. ಮೊದಲನೇ ವರದಿಯಿಂದ ಗೊತ್ತಿತ್ತು."

ನನಗೂ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಆ ಅನುಕೂಲ ವ್ಯಾಪಾರಿಗೆ ಯಾವಾಗಲೂ ಇರುತ್ತದೆ.

"ಅದಕ್ಕೇನು," ಅಂದೆ. "ಇವತ್ತು ಸಂಜೆ ಹೋಗಿ ಹಳದಿ ಗುಂಡಿ ಹಾಕಿಬಿಡಿ. ಈಗ ಸ್ಟಾಕಿದೆ. ನಾಡಿದ್ದು ತಜ್ಞೆ ಬಂದು ನೋಡಿದ್ರೆ ಹಳದಿ. ಭಾವಮೈದನೂ ಗೆದ್ದ, ನೀವೂ ಉಳಿದ್ರಿ."

"ಊರಿನ ಬಿಸ್ಕತ್ ಡಬ್ಬಿಗೆಲ್ಲ ಯಾರು ಹಾಕ್ತಾರೆ? ಭಾವಮೈದನಿಗೋಸ್ಕರ ರಾತ್ರೋರಾತ್ರಿ ಬದಲಾಯಿಸಿದ ಅಂತಾರೆ. ಅವನ ಮಾತು ಪೂರ್ತಿ ಸತ್ತು ಹೋಗುತ್ತೆ." ಕತ್ತರಿ ಕೆಳಗಿಟ್ಟರು. "ನಾನೇ ಹೇಳಬೇಕು. ಎಲ್ಲರ ಮುಂದೆ. ರಟ್ಟು ತಗೊಂಡು ನೀವೂ ಬರಬೇಕು."

"ಫಲಕ?"

"ಅದರ ಮೇಲೆ ಯಥಾಸ್ಥಿತಿ ಅಂತ ಬರ್ಸಿದಾರೆ," ಎಂದರು ಮೇಷ್ಟ್ರು. "ಬೇರೆ ಏನಾದ್ರೂ ಬರ್ಸಿದ್ರೆ ಅಷ್ಟು ಕಷ್ಟ ಆಗ್ತಿರಲಿಲ್ಲ."

ನಾನು ಒಂದು ಷರತ್ತು ಹಾಕಿದೆ, ಅಂಗಡಿಯ ಹೆಸರು ಬರಬಾರದೆಂದು. ಮೂವತ್ತೊಂದು ವರ್ಷದ ಹಿಂದಿನ ನನ್ನ ಸಲಹೆಯೂ ಬರಬಾರದು. ಅವರು ಒಪ್ಪಿದರು. ಒಪ್ಪಿದ ರೀತಿ ನೋಡಿ ನನಗೆ ಸ್ವಲ್ಪ ನಾಚಿಕೆಯಾಯಿತು. ಹೆಚ್ಚೇನಿಲ್ಲ.

ಸಭೆ ನಡೆದದ್ದು ಹಕ್ಕಿಯ ಪೆಟ್ಟಿಗೆಯ ಎದುರಿಗೇ. ಇಪ್ಪತ್ತು ಕುರ್ಚಿ, ಒಂದು ಮೈಕು. ಮ್ಯೂಸಿಯಮ್ಮಿನ ಡೈರೆಕ್ಟರು ಹೊಸ ಕೋಟು ಹಾಕಿದ್ದರು. ನಾಲ್ಕು ಗುಂಡಿ, ನನ್ನ ಅಂಗಡಿಯವಲ್ಲ. ಮೇಜಿನ ಮೇಲೆ ಬಟ್ಟೆ ಹೊದಿಸಿದ ಫಲಕ. ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಂಡತಿ. ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಟೋಪಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕಾಮಾಲೆ. ಕಾಡಿನ ಕಡೆಯಿಂದಲೂ ಒಬ್ಬರು ಇರಲಿ ಎಂದು ಇಲಾಖೆಯವರು ಕರೆಸಿದ್ದರು, ಮದುವೆಮನೆಗೆ ಬೇಡವೆಂದ ವರನನ್ನು ಕರೆದ ಹಾಗೆ.

ಪಕ್ಷಿ ತಜ್ಞೆ ಗಿಡ್ಡ ಕೂದಲಿನ, ಚುರುಕು ಕಣ್ಣಿನ ಹೆಂಗಸು. ಆ ಹಕ್ಕಿಯ ಮೇಲೆಯೇ ದೊಡ್ಡ ಗ್ರಂಥ ಬರೆದು ಡಾಕ್ಟರಾದವರು. ಇಪ್ಪತ್ತು ವರ್ಷ ಹುಡುಕಿದರೂ ಕೆಂಪು ಕಣ್ಣಿನ ಹಕ್ಕಿಯನ್ನು ಯಾರೂ ಕಂಡಿಲ್ಲವೆಂದು ಹೇಳಿ, ದುಃಖದಿಂದಲೇ ಕಾಗದ ಮುಂದಕ್ಕೆಳೆದುಕೊಂಡು ಪೆನ್ನು ತೆರೆದರು. ಆಗ ಮೇಷ್ಟ್ರು ಎದ್ದು ನಿಂತರು.

"ಅಮ್ಮಾ, ಸಹಿ ಹಾಕೋ ಮೊದಲು ಒಂದು ಮಾತು. ಆ ಕಣ್ಣು ಅದರದಲ್ಲ."

ಡೈರೆಕ್ಟರು ನಕ್ಕರು. "ಮೇಷ್ಟ್ರಿಗೆ ಹಕ್ಕಿ ಅಂದ್ರೆ ಜೀವ, ಅದಕ್ಕೇ..."

"ಕೋಟಿನ ಗುಂಡಿ ಸಾರ್ ಅದು," ಎಂದರು ಮೇಷ್ಟ್ರು.

 ಮೇಷ್ಟ್ರು ಬೀಗ ತೆಗೆದು, ಹಕ್ಕಿಯನ್ನು ಎರಡು ಕೈಯಲ್ಲಿ ಹಸುಗೂಸಿನ ಹಾಗೆ ಎತ್ತಿ ಮೇಜಿನ ಮೇಲಿಟ್ಟರು. ನನ್ನ ಕಡೆ ತಿರುಗಿದರು. ನಾನು ಹೋಗಿ ಅದರ ಪಕ್ಕ ರಟ್ಟು ಇಟ್ಟೆ. ಹತ್ತು ಕೆಂಪು ಗುಂಡಿ, ಮೇಲಿನ ಸಾಲಿನಲ್ಲಿ ಎರಡರ ಜಾಗ ಖಾಲಿ. ತಜ್ಞೆ ಭೂತಗನ್ನಡಿ ತೆಗೆದು ಹಕ್ಕಿಯ ಕಣ್ಣು ನೋಡಿದರು, ರಟ್ಟು ನೋಡಿದರು, ಮತ್ತೆ ಕಣ್ಣು ನೋಡಿದರು.

"ಕಣ್ಣಿನ ಅಂಚಲ್ಲಿ ಒಂದು ಸೂಕ್ಷ್ಮ ಗೆರೆ ಇದೆ," ಎಂದರು ಮೆಲ್ಲಗೆ. "ಅದರ ಬಗ್ಗೆ ನಾನು ಹನ್ನೊಂದು ಪುಟ ಬರೆದಿದೀನಿ. ಕತ್ತಲಲ್ಲಿ ಬೇಟೆ ಕಾಣೋಕೆ ಅನುಕೂಲ ಅಂತ."

"ಗುಂಡಿಯ ಅಚ್ಚಿನ ಗೆರೆ," ಅಂದೆ ನಾನು. ಸುಮ್ಮನಿರಬಹುದಿತ್ತು.

ಡೈರೆಕ್ಟರ ಮುಖ ಗುಂಡಿಯ ಬಣ್ಣಕ್ಕೆ ಬಂದಿತ್ತು. ತಜ್ಞೆ ಕುರ್ಚಿಗೆ ಒರಗಿದರು. "ಇನ್ನೇನಾದ್ರೂ ಇದೆಯಾ? ಈಗಲೇ ಹೇಳಿಬಿಡಿ."

ಮೇಷ್ಟ್ರು ಯೋಚಿಸಿದರು. "ಎಡಗಾಲಿನ ಹಿಂದಿನ ಉಗುರು. ಬಾಚಣಿಗೆ ಹಲ್ಲು."

ಬಾಚಣಿಗೆಯೂ ನನ್ನ ಅಂಗಡಿಯದೇ ಎನ್ನುವುದನ್ನು ಆ ಗಳಿಗೆಯಲ್ಲಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಆಮೇಲೆ ಮೇಷ್ಟ್ರು ಜೇಬಿನಿಂದ ಸಿಗರೇಟಿನ ಡಬ್ಬಿ ತೆಗೆದು, ಹತ್ತಿ ಬಿಡಿಸಿ, ಆ ಒಂಟಿ ಗಾಜಿನ ಕಣ್ಣನ್ನು ತಜ್ಞೆಯ ಮುಂದಿಟ್ಟರು. ಹಳದಿ. ತಜ್ಞೆ ಬುದ್ಧಿವಂತೆ, ಕೂಡಲೇ ಕೇಳಿದರು: "ಸರಿ, ಇದನ್ನೂ ಹಿಂದೆ ಯಾರೋ ಅಂಗಡಿಯಲ್ಲಿ ಸಿಕ್ಕಿದ್ದು ತಂದು ಹಾಕಿರಬಾರದೇಕೆ?"

 ಮೇಷ್ಟ್ರು ಹಿಂದಿನ ಸಾಲಿನ ಕಡೆ ನೋಡಿ, "ಹೇಳೋ," ಎಂದರು. "ನೀನು ವರದೀಲಿ ಏನು ಬರೆದಿದ್ದೆ, ಹೇಳು."

ಕಾಮಾಲೆ ಎದ್ದ. ಟೋಪಿ ಕೆಳಗೆ ಬಿತ್ತು. ಅವನು ನಿಂತಲ್ಲಿಂದ ಮೇಜು ಇಪ್ಪತ್ತು ಹೆಜ್ಜೆ. ಗಾಜಿನ ಕಣ್ಣು ಅವನಿಗೆ ಕಡಲೆ ಕಾಳಿನಷ್ಟೂ ಕಾಣುತ್ತಿರಲಿಲ್ಲ. "ಹಳದಿ ಮೇಡಂ. ಒಳಗಡೆ, ಕಪ್ಪಿನ ಸುತ್ತ, ಸಣ್ಣಕ್ಕೆ ಒಂದು ಹಸಿರು ಬಳೆ. ಮೂರು ಸಲಾನೂ ಹಾಗೇ ಬರೆದಿದೀನಿ."

ತಜ್ಞೆ ಗಾಜಿನ ಕಣ್ಣನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಹಕ್ಕಿಯನ್ನು ಹೊಡೆದವನು, ಪಾಪಿಯಾದರೂ, ಬಣ್ಣ ಹಚ್ಚುವುದರಲ್ಲಿ ಪ್ರಾಮಾಣಿಕ. ಕೂದಲೆಳೆಯಷ್ಟು ಸಣ್ಣದಾಗಿ ಹಸಿರು ಬಳೆ ಅಲ್ಲಿತ್ತು. ಅದನ್ನು ಕಾಮಾಲೆಗೆ ತೋರಿಸಿದವರು ಯಾರೂ ಇರಲಿಲ್ಲ. ಆ ಡಬ್ಬಿ ಮೂವತ್ತೊಂದು ವರ್ಷ ಮೇಷ್ಟ್ರ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ.

"ಆ ಮೂರು ವರದಿ ಎಲ್ಲಿವೆ?" ಎಂದು ಕೇಳಿದರು ತಜ್ಞೆ.

"ನಿಮ್ಮ ಕಚೇರಿಯಿಂದಲೇ ವಾಪಸು ಬಂದವು ಮೇಡಂ," ಎಂದ ಅವನು, ಯಾವ ಕಹಿಯೂ ಇಲ್ಲದೆ. ದಡ್ಡನೆಂದು ಅಕ್ಕ ಹೇಳಿದ್ದು ಸುಳ್ಳಲ್ಲ. ಅಂಥ ಹೊಡೆತ ಕೊಡುತ್ತಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ.

ತಜ್ಞೆ ಕಾಗದ ಹರಿಯಲಿಲ್ಲ. ಪೆನ್ನು ತೆಗೆದುಕೊಂಡು 'ಅಳಿದುಹೋಗಿದೆ' ಎಂಬುದಕ್ಕೆ ಮೊದಲು ಒಂದು ಪದ ಸೇರಿಸಿದರು: 'ಬಹುಶಃ'. ಕೊನೆಯ ವರದಿಗೂ ನಾಲ್ಕು ವರ್ಷವಾಗಿದ್ದರಿಂದ ಅದಕ್ಕಿಂತ ಹೆಚ್ಚು ಕೊಡಲಾಗದೆಂದರು. ಆದರೆ ಆ ಒಂದು ಪದದ ಬಲದಿಂದ ಗುಡಿಸಲು ಉಳಿಯಿತು, ಕಾಡು ಉಳಿಯಿತು, ಗರಗಸದವರು ಗೇಟಿನಿಂದ ಮನೆಗೆ ಹೋದರು. ತಜ್ಞೆ ಗುಂಡಿಯೊಂದನ್ನು ಸಾಕ್ಷಿಗೆಂದು ಕೇಳಿದರು. ಕತ್ತರಿಸಿಕೊಟ್ಟೆ. ಈಗ ಒಂಬತ್ತು.

ಫಲಕದ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಡೈರೆಕ್ಟರು ಅದನ್ನು ಬಟ್ಟೆಸಮೇತ ಮೇಷ್ಟ್ರ ಕೈಗೆ ಕೊಟ್ಟು, "ಇದನ್ನ ನೀವೇ ಇಟ್ಕೊಳ್ಳಿ," ಎಂದರು, ಬೆಕ್ಕು ತಂದು ಹಾಕಿದ್ದನ್ನು ಎತ್ತಿ ಕೊಟ್ಟ ಹಾಗೆ. ಬೀಳ್ಕೊಡುಗೆಯ ಭಾಷಣ ನಡೆಯಲಿಲ್ಲ. ಮೂವತ್ತೆಂಟು ವರ್ಷ ದುಡಿದ ಕಟ್ಟಡದಿಂದ ಮೇಷ್ಟ್ರು ಹಿಂಬಾಗಿಲಿನಿಂದ ಹೊರಗೆ ಬಂದರು, ಕಂಕುಳಲ್ಲಿ ಹಿತ್ತಾಳೆ.

ಹೊರಗೆ ಕಾಮಾಲೆ ನಿಂತಿದ್ದ. ನಾನು ನಾಲ್ಕು ಹೆಜ್ಜೆ ಹಿಂದಿದ್ದೆ, ಕೇಳಿಸದ ಹಾಗೆ ನಟಿಸುವಷ್ಟು ದೂರ.

"ಹದಿನಾರು ವರ್ಷ ಭಾವ," ಎಂದ. "ನಿಮಗೆ ಗೊತ್ತಿತ್ತು."

"ಹೂಂ."

"ಊಟಕ್ಕೆ ಕೂತಾಗೆಲ್ಲ ನಗ್ತಿದ್ರಲ್ಲ."

"ಹೂಂ."

"ರಕ್ತ ಪರೀಕ್ಷೆ ಮಾಡಿಸ್ಕೋ ಅಂದ್ರಿ. ನಾನು ಮಾಡಿಸಿದೆ, ಗೊತ್ತಾ? ಎರಡು ಸಲ."

ಮೇಷ್ಟ್ರು ಫಲಕವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. ಅವನು ಟೋಪಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದ. ಮೂರು ತಿಂಗಳು ಅಕ್ಕನ ಮನೆಗೆ ಬರಲಿಲ್ಲ. ಆ ಮೂರು ತಿಂಗಳು ಮೇಷ್ಟ್ರ ಮನೆಯಲ್ಲಿ ಅಡುಗೆಗೆ ಉಪ್ಪು ಒಂದೋ ಹೆಚ್ಚು, ಇಲ್ಲವೇ ಇಲ್ಲ. ಸರಿಯಾಗಿ ಬಿದ್ದ ದಿನವೇ ಇರಲಿಲ್ಲವಂತೆ.

ಮೂರು ತಿಂಗಳಾದ ಮೇಲೆ ಮೇಷ್ಟ್ರು ಅಂಗಡಿಗೆ ಬಂದು ಎರಡು ಗಟ್ಟಿ ಸ್ಕ್ರೂ ಕೇಳಿದರು. "ಸ್ಕ್ರೂ ಮಾರೋದು ಎದುರಂಗಡಿ," ಎಂದೆ. ಆದರೂ ಮನೆಯಿಂದ ತರಿಸಿಕೊಟ್ಟೆ. ಕೈಚೀಲದಲ್ಲಿ ಫಲಕ ಇತ್ತು. ಗುಡ್ಡಕ್ಕೆ ಹೊರಟಿದ್ದರು.

ವಾಪಸು ಬಂದದ್ದು ಹನ್ನೆರಡು ದಿನದ ಮೇಲೆ, ಕಾಲೆಲ್ಲ ಇಂಬಳ ಕಚ್ಚಿದ ಗುರುತು. ಹೋದ ಕೂಡಲೇ ಭಾವಮೈದ ಏನೆಂದ ಎಂದು ಕೇಳಿದೆ. ಕೈಗೆ ಪೊರಕೆ ಕೊಟ್ಟನಂತೆ. ನಾಲ್ಕನೇ ದಿನ ಫಲಕದ ಬಗ್ಗೆ ಕೇಳಿದನಂತೆ. ಮೇಷ್ಟ್ರು ಅದನ್ನು ತಿರುಗಿಸಿ, ಬರಹದ ಮಗ್ಗುಲು ಗೋಡೆಗೆ ಬರುವ ಹಾಗೆ ಗುಡಿಸಲ ಕಿಟಕಿಯ ಕೆಳಗೆ ಹೊಡೆದರು. ಖಾಲಿ ಬೆನ್ನಿನ ಮೇಲೆ, ಮೊಳೆಯ ತುದಿಯಿಂದ, ತಮ್ಮ ಕೈಯಾರೆ ಕೆತ್ತಿದರು. ಕಾಮಾಲೆ ಎಂದಲ್ಲ. ಅವನ ನಿಜವಾದ ಹೆಸರು, ಕೆಳಗೆ ಮೂರು ತಾರೀಖು. ಆ ಸಂಜೆ ಅವನು ಮೊದಲ ಸಲ, "ಟೀ ಕುಡೀತೀರಾ ಭಾವ?" ಎಂದು ಕೇಳಿದನಂತೆ.

"ಅದಿರಲಿ, ಹಕ್ಕಿ?" ಎಂದೆ.

ಮೇಷ್ಟ್ರು ಮೊಣಕೈ ಊರಿದರು. ಹನ್ನೊಂದನೇ ದಿನ ಬೆಳಿಗ್ಗೆ, ಮಂಜು ಇನ್ನೂ ಏಳುವ ಮೊದಲು, ಗುಡಿಸಲ ಹಿಂದೆ ಎರಡು ಸಲ ಕೆಮ್ಮು ಕೇಳಿಸಿತಂತೆ.

"ಭಾವಮೈದ ಕೆಮ್ಮಿರಬೇಕು."

"ಅವನು ನನ್ನ ಎದುರಿಗೇ ಹಲ್ಲುಜ್ಜುತಾ ಇದ್ದ. ಬಾಯಿ ತುಂಬ ನೊರೆ. ಇಬ್ಬರೂ ಓಡಿದ್ವಿ. ಕೊಂಬೆ ಅಲ್ಲಾಡ್ತಾ ಇತ್ತು. ಬೇರೇನೂ ಇಲ್ಲ." ಭಾವಮೈದ ನಮೂನೆ ತಂದು ಅವರ ಮುಂದೆ ಹಾಕಿದನಂತೆ. ಈ ಸಲ ನೀವು ಬರೀರಿ ಭಾವ, ಈಗ ನಿಮ್ಮ ಮಾತಿಗೆ ಬೆಲೆ ಇದೆ, ಹಳದಿ ಕಣ್ಣು ಕಂಡೆ ಅಂತ ಒಂದು ಗೆರೆ ಬರೆದುಬಿಡಿ, ಆ 'ಬಹುಶಃ' ಅನ್ನೋದೂ ಹೋಗುತ್ತೆ ಎಂದನಂತೆ. ಆ ದಡ್ಡ ಜೀವಮಾನದಲ್ಲಿ ಆಡಿದ ಮೊದಲ ಜಾಣ ಮಾತು ಅದು. ನನಗೆ ಅವನ ಮೇಲೆ ಗೌರವ ಬಂತು.

"ಬರೆದ್ರಿ ತಾನೇ?"

"ಬರೆದೆ." ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಕೆಮ್ಮು, ಎರಡು ಸಲ. ಕೊಂಬೆ ಅಲ್ಲಾಡಿತು. ಕಣ್ಣಿನ ಬಣ್ಣ: ಕಂಡಿಲ್ಲ."

"ಅಯ್ಯೋ ಮೇಷ್ಟ್ರೆ!"

"ಒಂದು ಸಲ ಕಾಣದ ಕಣ್ಣು ಹಾಕಿದ್ದನ್ನ ತೆಗೆಯೋಕೇ ಮೂವತ್ತೊಂದು ವರ್ಷ ಹಿಡೀತು ಸಾಹುಕಾರ್ರೆ," ಎಂದರು. "ಮುಂದಿನ ವಾರ ಮತ್ತೆ ಹೋಗ್ತಿದೀನಿ. ಅವನ ಅಕ್ಕನೂ ಬರ್ತಾಳಂತೆ. ನಿಮ್ಮಲ್ಲಿ ಇಂಬಳ ಹತ್ತದ ಹಾಗೆ ಕಾಲಿಗೆ ಕಟ್ಟೋಕೆ ದಪ್ಪ ಲಾಡಿ ಇದ್ರೆ ನಾಲ್ಕು ಮೊಳ ಕೊಡಿ."

ಹಸಿರು ಕೇಳಿದರು. ನನ್ನಲ್ಲಿದ್ದದ್ದು ಕೆಂಪು ಮಾತ್ರ. ರೋಲು ಕೌಂಟರಿನ ಮೇಲೆ ಇಡಲು ಕೈ ತಾನಾಗಿಯೇ ಹೋಗಿತ್ತು. ತಡೆದುಕೊಂಡೆ.

"ಹಸಿರು ಇಲ್ಲ," ಎಂದೆ. "ಎದುರಂಗಡಿಯಲ್ಲಿ ಕೇಳಿ."